ಕಂಪೆನಿ ಸರಕಾರ ತಡೆಯದ ದಾರಿ

"ಅಂಗಿ ತೆಗಿ ಬೇವರ್ಸಿ. ಆಗಿನ ಕಾಲದ ಹೊರೆಯಾಳು ನಿನ್ನ ಹಾಗೆ ಗೀಟಿನ ಅಂಗಿ ಹಾಕಿ ದಂಡಿಗೆ ಹೋಗ್ತಿದ್ದನಾ?"

ಶೇಖರ ಧಣಿ ಹೀಗೆಂದಾಗ ಮಾಯಿಲಪ್ಪ ಮೆರವಣಿಗೆಗೆ ಸೇರಿದ್ದ ಶಾಲೆಯ ಹೆಣ್ಣುಮಕ್ಕಳೆದುರೇ ಅಂಗಿ ಕಳಚಿದ. ಕಾಲನಿಯ ಗಂಡಸರೆಲ್ಲ ಕಳಚಿದೆವು. ಕಳಚದಿದ್ದರೆ ನಾಳೆ ಧಣಿಯ ತೋಟದಲ್ಲಿ ಕೆಲಸವಿಲ್ಲ.

ಕಂಪೆನಿ ಸರಕಾರದ ವಿರುದ್ಧ ಎದ್ದ ರೈತರು ಘಟ್ಟದ ಬುಡದಿಂದ ಬಂಟ್ವಾಳಕ್ಕೆ ನಡೆದದ್ದು ನಮ್ಮೂರ ಮೇಲೆಯೇ ಎಂದು ಧಣಿಯ ಸಮಿತಿ ಹೇಳುತ್ತಿತ್ತು. ಆ ನೆನಪಿಗೆ ಮೆರವಣಿಗೆ. ದುಬೈಯಿಂದ ರಜೆಗೆ ಬಂದ ಧಣಿಯ ಮಗ ಅಶ್ವಿತ್ ದಂಡಿನ ನಾಯಕ. ಮೀಸೆ ಅಂಟಿಸಿಕೊಂಡು ಬಾಡಿಗೆ ಕುದುರೆ ಹತ್ತಿದ್ದ. ಅವರ ಸಂಬಂಧಿಕರೆಲ್ಲ ಕತ್ತಿ ಹಿಡಿದ ವೀರರು. ನಮಗೆ ಅಕ್ಕಿಮೂಟೆ. ಮಾಯಿಲಪ್ಪನ ಹೆಂಡತಿ ಪ್ರೇಮಾವತಿಯ ತಲೆಯ ಮೇಲೆ ನೀರಿನ ಕೊಡ. ಕೊಡ ಖಾಲಿ. ಅವಳು ಮುಟ್ಟಿದ ನೀರು ಯಾರಿಗೂ ಬೇಡವಾದ್ದರಿಂದ ವೀರರಿಗೆ ಕುಡಿಯಲು ಬಾಟಲಿಗಳು ಜೀಪಿನಲ್ಲಿ ಬರುತ್ತಿದ್ದವು.

ಕವಲಿನಲ್ಲಿ ಮೆರವಣಿಗೆ ನಿಂತಿತು. ಎಡಕ್ಕೆ ಡಾಂಬರು ರಸ್ತೆ, ಬಲಕ್ಕೆ ಧಣಿಯ ರಬ್ಬರ್ ತೋಟದ ಕಬ್ಬಿಣದ ಗೇಟು. ಆ ಗೇಟಿನಾಚೆ ಹೋಗುತ್ತಿದ್ದದ್ದು ನಮ್ಮ ಕಾಲನಿಯ ದಾರಿ. ಹೋದ ವರ್ಷ ಬೀಗ ಬಿತ್ತು. ತಾಲೂಕು ಕಚೇರಿಗೆ ಅಲೆದದ್ದಕ್ಕೆ, ನಕ್ಷೆಯಲ್ಲಿ ದಾರಿಯೇ ಇಲ್ಲವೆಂದು ಕಳಿಸಿದರು. ಮಳೆಗಾಲದಲ್ಲಿ ಮಾಯಿಲಪ್ಪನ ತಾಯಿ ಪೂವಮ್ಮನಿಗೆ ಎದೆನೋವು ಬಂತು. ಕುರ್ಚಿಗೆ ಕಟ್ಟಿ, ತುಂಬಿ ಹರಿಯುವ ತೋಡು ದಾಟಿಸಿ, ಗುಡ್ಡ ಸುತ್ತಿ ಹೊತ್ತೆವು. ಬೆಳ್ತಂಗಡಿ ಆಸ್ಪತ್ರೆ ಮುಟ್ಟುವಾಗ ಕುರ್ಚಿಯಲ್ಲಿ ಹೆಣವಿತ್ತು.

ಧಣಿ ಮೈಕ್ ಹಿಡಿದು ಆ ಗೇಟಿನ ಕಡೆಗೇ ಕೈ ತೋರಿಸಿದರು. ಬಿಳಿಯರು ಇದೇ ದಾರಿಗೆ ಅಡ್ಡಗಟ್ಟೆ ಹಾಕಿದ್ದರಂತೆ, ನಮ್ಮ ಹಿರಿಯರು ಅದನ್ನು ಒದ್ದು ಮುರಿದು ಹೋದರಂತೆ. ಜನ ಚಪ್ಪಾಳೆ ತಟ್ಟಿದರು. ಅಶ್ವಿತ್ ಕುದುರೆಯನ್ನು ಡಾಂಬರಿನ ಕಡೆಗೆ ತಿರುಗಿಸಿದ.

ಮಾಯಿಲಪ್ಪ ಕದಲಲಿಲ್ಲ. "ಧಣೀ, ಅವರು ಹೋದದ್ದು ಇದರಲ್ಲಿ ಅಂತ ಈಗ ನೀವೇ ಹೇಳಿದ್ದಲ್ಲವಾ?"

"ಅದು ಆಗ. ಈಗ ಅಲ್ಲಿ ರಬ್ಬರ್ ಉಂಟು. ನಡಿ."

"ಅಮ್ಮನನ್ನು ಹೊತ್ತೊಯ್ಯಲಿಕ್ಕೆ ಬೀಗ ತೆಗೀರಿ ಅಂತ ಕೇಳಿದಾಗಲೂ ಇದನ್ನೇ ಹೇಳಿದ್ದು ನೀವು."

ಧಣಿ ಮೈಕಿಗೆ ಕೈ ಅಡ್ಡ ಹಿಡಿದು ತಗ್ಗಿದ ದನಿಯಲ್ಲಿ ಹೇಳಿದರು: "ಮುದುಕಿ ಹೇಗೂ ಸಾಯುವವಳೇ. ಅದರ ಹೆಸರಲ್ಲಿ ನನ್ನ ಜಾಗ ನುಂಗ್ಲಿಕ್ಕೆ ನೋಡ್ತೀಯಾ, ಸೂಳೆಮಗನೆ?"

ಪ್ರೇಮಾವತಿ ಕೊಡವನ್ನು ರಸ್ತೆಯ ಮಧ್ಯೆ ಇಳಿಸಿದಳು. ಮೋರಿಯ ಬದಿಯಿಂದ ಒಂದು ಕಲ್ಲು ಎತ್ತಿಕೊಂಡು ಗೇಟಿನ ಹತ್ತಿರ ಹೋದಳು. ಬೀಗಕ್ಕೆ ಕೊಟ್ಟ ಮೊದಲ ಪೆಟ್ಟಿಗೆ ಅವಳ ಬೆರಳೇ ಒಡೆಯಿತು. ಡೋಲಿನವರು ಬಡಿಯುವುದನ್ನು ನಿಲ್ಲಿಸಿದರು. ಯಾರೋ ಇದೂ ನಾಟಕವೆಂದು ತಿಳಿದು ಮೊಬೈಲ್ ಎತ್ತಿದರು. ನಾವು ಮೂಟೆ ಸಮೇತ ಅವಳ ಸುತ್ತ ನಿಂತೆವು. ಅವಳು ಕುಟ್ಟುತ್ತಲೇ ಇದ್ದಳು, ಬೀಗ ಕಳಚಿ ಬಿದ್ದಿತು.

ಒಳಗೆ ದಾರಿ ಇರಲಿಲ್ಲ. ಗುಡ್ಡವನ್ನು ಜೆಸಿಬಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ತಟ್ಟು ಕಡಿದು ಸಸಿ ನೆಟ್ಟಿದ್ದರು. ನಾನು ಹುಟ್ಟಿದಾಗಿನಿಂದ ನಡೆದ ಜಾಗ, ಗುರುತೇ ಸಿಗಲಿಲ್ಲ.

"ಎಲ್ಲಿತ್ತು ಮಾರಾಯ್ತಿ?" ಮಾಯಿಲಪ್ಪ ಕೇಳಿದ.

"ಕಾಲನಿ ಕೆಳಗೆ ಉಂಟಲ್ಲ. ಇಳಿಯುವ."

ಅವಳು ರಕ್ತದ ಕೈಯನ್ನು ಸೆರಗಿಗೆ ಸುತ್ತಿಕೊಂಡು ಮೊದಲ ತಟ್ಟು ಇಳಿದಳು. ಹಿಂದೆ ಮಾಯಿಲಪ್ಪ, ಆಮೇಲೆ ಉಳಿದವರು, ಅಂಗಿಯಿಲ್ಲದ ಮೈಯಲ್ಲಿ ಒಬ್ಬೊಬ್ಬರೇ. ರಸ್ತೆಯಲ್ಲಿ ಸೀಟಿ ಊದಿದರು. ಬಂದೋಬಸ್ತಿಗೆ ಬಂದಿದ್ದ ಪೊಲೀಸರು ಓಡಿಬರುವ ಸದ್ದು ಕೇಳಿಸಿತು. ನಾನು ಎಲ್ಲರಿಗಿಂತ ಹಿಂದಿದ್ದೆ. ಕುತ್ತಿಗೆಗೆ ಕೈ ಬಿದ್ದು, ಮೂಟೆ ಜಾರಿ, ನಾನು ಮುಖ ಕೆಳಗಾಗಿ ಬಿದ್ದೆ. ಬೆನ್ನ ಮೇಲೆ ಬೂಟು. ಬಾಯಿಯೊಳಗೆ ಮಣ್ಣು. ಕಣ್ಣು ಎತ್ತುವಷ್ಟು ಎತ್ತಿದೆ. ಕೆಳಗೆ, ಸಸಿಗಳ ನಡುವೆ, ಅವರು ಇಳಿಯುತ್ತಲೇ ಇದ್ದರು.