ಎರಡನೇ ಗೆರೆ

ಬೆರಳುದ್ದದ ಬಿಳಿ ಪ್ಲಾಸ್ಟಿಕ್ ಕಾರ್ಡು. ಬಚ್ಚಲಮನೆಯ ಕಿಟಕಿಕಟ್ಟೆಯ ಮೇಲೆ ಅದನ್ನಿಟ್ಟು, ಅದರ ಪುಟ್ಟ ಗುಂಡಿಯೊಳಗೆ ಮೂತ್ರದ ಹನಿ ಬಿಟ್ಟು ಮಂಗಲ ಹಿಂದೆ ಸರಿದು ನಿಂತಳು. ಅವಳ ಗಂಡ ಉತ್ತಮ ಸರಿಯಲಿಲ್ಲ. ಉಸಿರು ತಾಗಿದರೆ ಕೆಟ್ಟೀತೆಂಬಂತೆ ಬಾಯಿಗೆ ಟವೆಲ್ಲು ಹಿಡಿದು ಬಗ್ಗಿದ್ದ. ಮೊದಲು ಒಂದು ಗುಲಾಬಿ ಗೆರೆ ಬಂತು. ಅದು ಎಲ್ಲರಿಗೂ ಬರುವ ಗೆರೆ, ಕಾರ್ಡು ಕೆಟ್ಟಿಲ್ಲ ಎನ್ನುವುದಕ್ಕೆ. ಆಮೇಲೆ ಅದರ ಪಕ್ಕದಲ್ಲಿ, ಹಸಿ ಗೋಡೆಯನ್ನು ಯಾರೋ ಉಗುರಿನಿಂದ ಗೀಚಿದ ಹಾಗೆ, ಇನ್ನೊಂದು.

"ಬಂತು," ಎಂದ ಉತ್ತಮ.

"ಡಾಕ್ಟರಬಾಯಿ ಮುಟ್ಟಿನ ದಿನ ದಾಟೂತನಕ ನೋಡಬ್ಯಾಡ್ರಿ ಅಂದಿದ್ರು."

"ಅವರು ಅನ್ನೂದು ಅಂತಾರ. ಗೆರಿ ಕಣ್ಣಮುಂದ ಐತಿ. ಪ್ಲಾಸ್ಟಿಕ್ಕ ಸುಳ್ಳ ಹೇಳತೈತೇನ?"

ಅವರ ಮದುವೆಯಾಗಿ ಐದು ವರ್ಷವಾಗಿತ್ತು. ಐನಾಪುರದಲ್ಲಿ ಮಕ್ಕಳಾಗದವರೆಲ್ಲ ಕೊನೆಗೆ ಮಿರಜಿಗೆ ಹೋಗುತ್ತಾರೆ, ಇವರೂ ಹೋದರು. ಡಾಕ್ಟರಬಾಯಿ ಮೊದಲು ಗುಳಿಗೆ ಕೊಟ್ಟಳು, ಆಮೇಲೆ ಒಂದು ಇಂಜೆಕ್ಷನ್ ಚುಚ್ಚಿದಳು, ತತ್ತಿ ಹೊರಗೆ ಬೀಳಲಿ ಎಂದು. ತಿಂಗಳ ದಿನ ತಪ್ಪಿದರೆ ಬನ್ನಿ, ಅಲ್ಲಿಯವರೆಗೆ ಯಾವ ಪರೀಕ್ಷೆಯೂ ಬೇಡ ಎಂದಳು. ಬೇಡವೇಕೆ ಎಂದು ಅವಳು ಹೇಳಲಿಲ್ಲ, ಇವರು ಕೇಳಲಿಲ್ಲ. ಹೊರಗೆ ಬಂದ ಉತ್ತಮ, ಮಂಗಲ ಬಸ್ಸಿನಲ್ಲಿ ಸೀಟು ಹಿಡಿಯುವಷ್ಟರಲ್ಲಿ, ಸ್ಟ್ಯಾಂಡಿನ ಎದುರಿನ ಮೆಡಿಕಲ್ಲಿನಿಂದ ಕಾರ್ಡು ತಂದಿದ್ದ. ಒಂದು ವಾರ ತಡೆದ. ಅಷ್ಟೇ ಅವನಿಂದ ಆದದ್ದು.

ಅವನ ಲೆಕ್ಕಾಚಾರ ದ್ರಾಕ್ಷಿಯದು. ಆ ಡಿಸೆಂಬರಿನಲ್ಲಿ ಅವನು ಎರಡೆಕರೆ ತೋಟದ ಒಂದೊಂದು ಗೊಂಚಲನ್ನೂ ಔಷಧದ ಮಗ್ಗಿನಲ್ಲಿ ಅದ್ದಿದ್ದ. ಅದ್ದಿದ ವಾರಕ್ಕೆಲ್ಲ ಕಾಯಿ ಉಬ್ಬುತ್ತದೆ, ನೋಡಿದವನಿಗೆ ಗೊತ್ತಾಗುತ್ತದೆ. "ಔಷಧ ಹತ್ತಿದ್ರ ವಾರದಾಗ ಹತ್ತಿರತೈತಿ," ಎಂದು ಅವನು ಹಿಂದಿನ ರಾತ್ರಿ ಅವಳಿಗೆ ಹೇಳಿದ್ದ. "ಗಿಡಾ ಏನ, ಮನಷ್ಯಾ ಏನ."

ಈಗ ಅವನು ಕಾರ್ಡು ಹಿಡಿದುಕೊಂಡು ಅಡುಗೆಮನೆಗೆ ಓಡಿದ. ಅವನ ತಾಯಿ ಗೌರಾಬಾಯಿ ರೊಟ್ಟಿ ಬಡಿಯುತ್ತಿದ್ದಳು. ಮಗ ತೋರಿಸಿದ್ದು ಏನೆಂದು ಅವಳಿಗೆ ತಿಳಿಯಲಿಲ್ಲ. ಅವನ ಮುಖದಿಂದ ತಿಳಿಯಿತು. ಹಿಟ್ಟಿನ ಕೈಯಲ್ಲೇ ಸೊಸೆಯ ಗಲ್ಲ ಹಿಡಿದಳು.

"ಮೂರ ತಿಂಗಳ ತುಂಬೂತನಕ ಯಾರ ಮುಂದೂ ಬಾಯಿ ಬಿಡೂದಿಲ್ಲ ನೋಡ್ರಿ ಇಬ್ಬರೂ," ಎಂದಳು. "ಮಂದಿ ಕಣ್ಣ ಕಲ್ಲ ಒಡೀತೈತಿ."

ಬಾಯಿ ಬಿಟ್ಟವಳು ಅವಳೇ. ಅವತ್ತು ಗಾಣದಲ್ಲಿ ಅವರ ಕಬ್ಬಿನ ಪಾಳಿ. ಸಂಜೆ ಮಂಗಲ ಅಲ್ಲಿಗೆ ಹೋಗುವಷ್ಟರಲ್ಲಿ ಕಡಾಯಿಯ ಸುತ್ತ ಕೂತವರಿಗೆಲ್ಲ ಸುದ್ದಿ ಗೊತ್ತಿತ್ತು. ಬೆಲ್ಲ ತಿರುವುವ ಧೂಳಪ್ಪ ಉದ್ದನೆಯ ಹುಟ್ಟಿನ ಮೇಲೆ ಒರಗಿ ನಗುತ್ತಿದ್ದ. "ಗೌರಾಬಾಯಾರ, ಇವತ್ತ ಬೆಲ್ಲಕ್ಕಿಂತ ಮೊದಲ ನೀವ ಕರಗಿರಿ ನೋಡ್ರಿ."

ಗೌರಾಬಾಯಿ ಬಿಸಿ ಬೆಲ್ಲವನ್ನು ಕಬ್ಬಿನ ಎಲೆಯ ಮೇಲೆ ಇಳಿಸಿಕೊಂಡು, ಶೇಂಗಾ ಒತ್ತಿ, ಉಂಡೆ ಮಾಡಿ ಸೊಸೆಯ ಬಾಯಿಗೆ ಹಿಡಿದಳು.

"ಬಾಯಾರ, ಬಸರಿಗೆ ಬಿಸಿ ಬೆಲ್ಲ ಉಷ್ಣ ಆಗತೈತ್ರಿ."

"ಏ ಧೂಳ್ಯಾ, ಹಡದಾಕಿ ನಾನೋ ನೀನೋ? ತಿನ್ನವಾ ಮಂಗಲಾ. ಇದು ನಿನಗಲ್ಲ, ಒಳಗಿನವಗ."

ಎಲ್ಲರೂ ನಕ್ಕರು. ಮಂಗಲ ತಿಂದಳು. ಒಂದಲ್ಲ, ಮೂರು ಉಂಡೆ. ಗೌರಾಬಾಯಿ ತಿನ್ನಿಸುತ್ತಲೇ ಇದ್ದಳು.

ಆ ವಾರ ಮಂಗಲ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಮಲಗಿದಳು. ಅಲ್ಲಿ ಏನೂ ಬದಲಾಗಿರಲಿಲ್ಲ. ಆದರೂ ಮನೆ ಬೇರೆಯಾಗಿತ್ತು. ಗೋಡೆ, ಹಗ್ಗ, ಎಮ್ಮೆ, ನೀರಿನ ಹರವಿ, ಎಲ್ಲವೂ ಯಾರಿಗೋ ಕಾಯುತ್ತಿದ್ದಂತೆ ಅವಳಿಗೆ ಕಾಣುತ್ತಿದ್ದವು. ವಾರದ ಕೊನೆಗೆ, ಮುಟ್ಟು ಬರಬೇಕಾದ ದಿನವೇ, ಸೊಂಟ ಹಿಡಿಯಿತು. ಮಧ್ಯಾಹ್ನಕ್ಕೆ ಸೀರೆ ತೊಯ್ದಿತ್ತು.

ಅವಳು ಹೊರಗಿನ ಕೋಣೆಗೆ ಹೋಗಿ ಕೂತಳು. ಮುಟ್ಟಾದವರ ನೆರಳನ್ನೂ ತಾಗಿಸಿಕೊಳ್ಳದ ಗೌರಾಬಾಯಿ ಅವತ್ತು ಆ ಕೋಣೆಯೊಳಗೆ ಬಂದಳು. ಸೊಸೆಯ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

"ನನ್ನ ಕೈಲೇ ಹೋತು," ಎಂದಳು. "ಧೂಳಪ್ಪ ಬ್ಯಾಡ ಅಂದ. ನಾ ಕೇಳಲಿಲ್ಲ. ನನ್ನ ಕೈಲೇ ಹೋತು ಬೇ ಅದು."

ಎರಡು ದಿನ ಬಿಟ್ಟು ಗಂಡಹೆಂಡತಿ ಮಿರಜಿಗೆ ಹೋದರು. ಡಾಕ್ಟರಬಾಯಿ ರಕ್ತ ತೆಗೆಸಿದಳು, ಕಾರ್ಡು ಯಾವಾಗ ನೋಡಿದಿರಿ ಎಂದು ಕೇಳಿದಳು. ಉತ್ತಮ ಹೇಳಿದ. ಅವಳು ಪೆನ್ನು ಕೆಳಗಿಟ್ಟು, ಬಯ್ಯದೆ, ಮರಾಠಿಯಲ್ಲಿ ನಿಧಾನವಾಗಿ ತಿಳಿಸಿದಳು. ಬಸಿರಾದ ಹೆಂಗಸಿನ ಮೈಯಲ್ಲಿ ಒಂದು ರಸ ಹುಟ್ಟುತ್ತದೆ. ಕಾರ್ಡು ಹುಡುಕುವುದು ಆ ರಸವನ್ನು. ನಾನು ಇಂಜೆಕ್ಷನ್ನಿನಲ್ಲಿ ಕೊಟ್ಟದ್ದೂ ಅದೇ ರಸ. ಅದು ಮೈಯಿಂದ ಪೂರ್ತಿ ಹೋಗಲು ಎರಡು ವಾರ ಹಿಡಿಯಬಹುದು. ಅಷ್ಟರೊಳಗೆ ಯಾರು ನೋಡಿದರೂ ಗೆರೆ ಬರಬಹುದು. ತಿಂಗಳ ದಿನ ದಾಟಿ ಒಂದು ವಾರ ಕಾಯ್ದು, ಬೆಳಗಿನ ಮೊದಲ ಮೂತ್ರದಲ್ಲಿ ನೋಡಿದ್ದರೆ ಆ ಗೆರೆಯನ್ನು ನಂಬಬಹುದಿತ್ತು. ನೀವು ನೋಡಿದ್ದು ನನ್ನ ಇಂಜೆಕ್ಷನ್ನನ್ನು.

"ಒಂದ ದಿನಾನೂ ಇರಲಿಲ್ಲೇನ್ರಿ?" ಮಂಗಲ ಕನ್ನಡದಲ್ಲೇ ಕೇಳಿಬಿಟ್ಟಳು. ಡಾಕ್ಟರಬಾಯಿಗೆ ಕನ್ನಡ ಬರುತ್ತಿರಲಿಲ್ಲ. ಪ್ರಶ್ನೆ ತಿಳಿಯಿತು.

ರಕ್ತದ ಚೀಟಿ ಬಂದಿತ್ತು. ಅವಳು ಅದನ್ನು ನೋಡಿ ತಲೆಯಾಡಿಸಿದಳು. ಇರಲಿಲ್ಲ.

ತಿರುಗಿ ಬರುವಾಗ ಬಸ್ಸು ಕಾಗವಾಡ ದಾಟಿತು. ಸತ್ತದ್ದಕ್ಕೆ ಅಳಬಹುದು. ಇಲ್ಲದ್ದಕ್ಕೆ ಅಳುವವರು ಎಲ್ಲಿ ಕೂತು ಅಳಬೇಕು? ಮಂಗಲ ಕಿಟಕಿಯ ಸರಳು ಹಿಡಿದು ಕೂತಿದ್ದಳು. ಹೊರಗೆ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಒಂದರ ಹಿಂದೆ ಒಂದು.

"ಅವ್ವಗ ಇದನ್ನ ಹೇಳಬ್ಯಾಡ," ಎಂದ ಉತ್ತಮ.

"ಅವರು ಬೆಲ್ಲ ಬೆಲ್ಲ ಅಂತ ಸಾಯಾಕತ್ತಾರಲ್ರಿ."

"ನಾಕ ದಿನ ಅತ್ತ ಸುಮ್ಮಾಗತಾಳ. ನೀ ವಿಚಾರ ಮಾಡು. ಹಿಡದಿತ್ತು, ಉಳೀಲಿಲ್ಲ ಅಂದ್ರ ಅದು ಬ್ಯಾರೆ. ಒಮ್ಮಿನೂ ಹಿಡದಿಲ್ಲ ಅಂದ್ರ ಮಂದಿ ಏನಂತಾರ ನಿನಗ?"

ಏನನ್ನುತ್ತಾರೆಂದು ಅವಳಿಗೆ ಗೊತ್ತಿತ್ತು. ಐದು ವರ್ಷ ಕೇಳಿದ್ದಳು. ಆದ್ದರಿಂದ ಸುಮ್ಮನಾದಳು. ಸುಮ್ಮನಾದದ್ದಕ್ಕೆ ಫಲವೂ ಸಿಕ್ಕಿತು. ಮುಂದಿನ ತಿಂಗಳು ಓಣಿಯಲ್ಲಿ ಒಂದು ತೊಟ್ಟಿಲ ಕಾರ್ಯವಾಯಿತು. ಅಂಥ ಕಡೆ ಅರಿಷಿಣ ಕುಂಕುಮ ಕೊಟ್ಟು ಉಡಿ ತುಂಬುವಾಗ ಅವಳನ್ನು ಬಿಟ್ಟು ಮುಂದಿನವಳಿಗೆ ಹೋಗುತ್ತಿದ್ದ ಪಕ್ಕದ ಮನೆಯ ಸೋನಾಬಾಯಿ ಈ ಸಲ ಅವಳ ಎದುರು ನಿಂತಳು. "ಚೆಲ್ಲಿದ್ರೇನಾತು, ಹಿಡದ ಹೊಟ್ಟಿ ಅದು, ಮತ್ತ ಹಿಡೀತೈತಿ," ಎಂದು ಉಡಿಗೆ ಅಕ್ಕಿ, ಕೊಬ್ಬರಿ ಹಾಕಿದಳು. ಸೆರಗು ಭಾರವಾಯಿತು. ಆ ಭಾರ ಹಿತವಾಗಿತ್ತು. ಹಿತವಾಯಿತಲ್ಲ ಎಂದು ಮಂಗಲ ಮನೆಗೆ ಬಂದು ಸಿಟ್ಟಿನಿಂದ ಅಕ್ಕಿಯನ್ನೆಲ್ಲ ಕೋಳಿಯಿದ್ದವರ ಅಂಗಳಕ್ಕೆ ಚೆಲ್ಲಿದಳು.

ಆದರೆ ಗೌರಾಬಾಯಿ ನಾಲ್ಕು ದಿನ ಅತ್ತು ಸುಮ್ಮನಾಗುವ ಹೆಂಗಸಾಗಿರಲಿಲ್ಲ. ಅವಳು ಅಳಲೇ ಇಲ್ಲ. ಬಸದಿಗೆ ಹೋಗಿ, ಕೈಮುಗಿದು, ಬದುಕಿರುವವರೆಗೆ ಬೆಲ್ಲ ಬಿಡುತ್ತೇನೆಂದು ನೇಮ ಹಿಡಿದು ಬಂದಳು. ಜೈನರ ಮನೆಯಲ್ಲಿ ಇದು ಹೊಸದಲ್ಲ. ತಪ್ಪಾಯಿತೆಂದರೆ ಏನನ್ನಾದರೂ ಬಿಡುತ್ತಾರೆ, ಬಿಟ್ಟದ್ದನ್ನು ತಿರುಗಿ ಹಿಡಿಯುವುದಿಲ್ಲ. ಆಮೇಲೆ ಹಾಲು ಬಿಟ್ಟಳು. ತುಪ್ಪ ಬಿಟ್ಟಳು. ದಿನಕ್ಕೆ ಒಪ್ಪತ್ತು ಉಣ್ಣತೊಡಗಿದಳು. ಫೆಬ್ರುವರಿ ಮುಗಿಯುವಷ್ಟರಲ್ಲಿ ಅವಳ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಒಂದು ದಿನ ಹಿತ್ತಲಲ್ಲಿ ಕಣ್ಣು ಕತ್ತಲೆ ಬಂದು ಬಿದ್ದಳು. ಉತ್ತಮ ಡಾಕ್ಟರನ್ನು ಕರೆತಂದರೆ ಆ ಡಾಕ್ಟರಿಗೇ ಬೈದು ಕಳಿಸಿದಳು.

"ನಾಳಿಗೆ ಅಷ್ಟಮಿ ಐತಿ," ಎಂದಳು ಮಾರನೆಯ ದಿನ ದ್ರಾಕ್ಷಿ ತೋಟದಲ್ಲಿ. "ಉಪ್ಪೂ ಬಿಟ್ಟಬಿಡತೀನಿ."

ಅತ್ತೆ ಸೊಸೆ ಚಪ್ಪರದ ಕೆಳಗೆ ಕೂತು, ಕೊಯ್ದ ಗೊಂಚಲುಗಳಿಂದ ಒಡೆದ ಹಣ್ಣನ್ನು ಕತ್ತರಿಯಿಂದ ತೆಗೆಯುತ್ತಿದ್ದರು. ಉತ್ತಮ ಆಚೆಯ ಸಾಲಿನಲ್ಲಿ ಪೆಟ್ಟಿಗೆ ತುಂಬಿಸುತ್ತಿದ್ದ. ಮಾತು ಅವನಿಗೆ ಕೇಳುವಷ್ಟು ಹತ್ತಿರವಿರಲಿಲ್ಲ. ಉಪ್ಪು ಬಿಟ್ಟರೆ ಈ ಹೆಂಗಸು ಬೇಸಿಗೆ ದಾಟುವುದಿಲ್ಲ ಎಂದು ಮಂಗಲಳಿಗೆ ಅನಿಸಿತು. ಅನಿಸಿದ್ದಲ್ಲ, ಕಂಡಿತು. ಎದುರಿಗಿದ್ದ ಕತ್ತಿನ ಎಲುಬುಗಳಲ್ಲಿ ಅದು ಸ್ಪಷ್ಟವಾಗಿತ್ತು.

"ಅತ್ಯಾ, ಬೆಲ್ಲದಿಂದ ಏನೂ ಆಗಿಲ್ರಿ."

"ಸಮಾಧಾನ ಹೇಳಬ್ಯಾಡ ನನಗ."

"ಸಮಾಧಾನ ಅಲ್ರಿ." ಅವಳು ಕತ್ತರಿ ಕೆಳಗಿಟ್ಟಳು. "ಅಲ್ಲಿ ಕೂಸ ಇರಲೇ ಇಲ್ರಿ."

ಗೌರಾಬಾಯಿ ತಲೆ ಎತ್ತಿದಳು.

ಮಂಗಲ ಒಂದು ಹಣ್ಣು ತೆಗೆದುಕೊಂಡು ಉಗುರಿನಿಂದ ಸೀಳಿದಳು. ಬೇರೆ ಯಾವ ದಾರಿಯಲ್ಲೂ ಹೇಳಲು ಅವಳಿಗೆ ಬರಲಿಲ್ಲ. "ಈ ಗೊಂಚಲ ನಾವ ಔಷಧದಾಗ ಅದ್ದತೀವಲ್ರಿ. ಕಾಯಿ ಉಬ್ಬತೈತಿ. ಒಳಗ ನೋಡಿದ್ರ ಬೀಜ ಇರೂದಿಲ್ಲ. ಮಿರಜಿನ ಸೂಜಿ ಮಾಡಿದ್ದೂ ಅಷ್ಟ. ಆ ಗೆರಿ ಸೂಜಿದರಿ. ಮುಟ್ಟಿನ ದಿನ ದಾಟೂತನಕ ನಾವ ಕಾಯಬೇಕಿತ್ತು. ಕಾಯಲಿಲ್ಲ. ನನಗ ಬಂದದ್ದು ತಿಂಗಳ ಮುಟ್ಟು, ಮತ್ತೇನಲ್ಲ."

"ಯಾರ ಹೇಳಿದ್ರು?"

"ಡಾಕ್ಟರಬಾಯಿ."

"ಯಾವಾಗ?"

ಮಂಗಲ ಸೀಳಿದ ಹಣ್ಣನ್ನು ನೆಲಕ್ಕೆ ಹಾಕಿದಳು.

"ಯಾವಾಗ ಹೇಳಿದ್ಲು ಅಂತ ಕೇಳಾಕತ್ತೀನಿ."

"ಅವತ್ತ. ನೀವ ಬೆಲ್ಲ ಬಿಡೂಕಿಂತ ಮೊದಲ."

ಗೌರಾಬಾಯಿ ಲೆಕ್ಕ ಹಾಕುವವಳಂತೆ ಸೊಸೆಯನ್ನೇ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ದಿನಾ ನನ್ನ ತಾಟ ನೀನ ಹಚ್ಚತಿದ್ದಿ," ಎಂದಳು. "ಎಷ್ಟ ಬಿಟ್ಟ ಏಳತೀನಿ ಅಂತ ನೋಡತಿದ್ದಿ."

"ತಪ್ಪಾತ್ರಿ."

"ಉತ್ತಮಗ ಗೊತ್ತೈತಿ?"

"ಗೊತ್ತೈತ್ರಿ."

ದ್ರಾಕ್ಷಿಯ ಎಲೆಗಳ ಸಂದಿನಿಂದ ಬಿಸಿಲು ಗೌರಾಬಾಯಿಯ ಕೈಮೇಲೆ ಬೀಳುತ್ತಿತ್ತು. ಆ ಕೈ ಇನ್ನೂ ಗೊಂಚಲನ್ನು ಹಿಡಿದಿತ್ತು, ಮರೆತುಹೋದ ಹಾಗೆ. "ಒಮ್ಮಿನೂ ಇರಲಿಲ್ಲ," ಎಂದಳು. ಅದು ಪ್ರಶ್ನೆಯಾಗಿರಲಿಲ್ಲ. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ನಾ ಅದಕ್ಕ ಹೆಸರ ಇಟ್ಟಿದ್ನೆಲ್ಲ ಬೇ."

ಎರಡು ತಿಂಗಳಲ್ಲಿ ಮೊದಲ ಸಲ ಅವಳ ಕಣ್ಣಿನಿಂದ ನೀರು ಬಂತು. ಅದನ್ನು ಒರೆಸಿಕೊಳ್ಳಲೂ ಇಲ್ಲ.

ಅಷ್ಟರಲ್ಲಿ ಬದುವಿನ ಕಡೆಯಿಂದ ಸೋನಾಬಾಯಿಯ ದನಿ ಬಂತು. ಉದುರಿದ ಹಣ್ಣಿಗೆಂದು ಬುಟ್ಟಿ ತಂದಿದ್ದಳು. "ಏನ ಅತ್ತಿ ಸೊಸಿ ಗುಸುಗುಸು ನಡಸೀರಿ? ನನ್ನ ಬೈಯಾಕತ್ತೀರಿ ಏನ ಮತ್ತ?" ಎಂದು ನಗುತ್ತ ಬಂದವಳು ಗೌರಾಬಾಯಿಯ ಮುಖ ನೋಡಿ ನಿಂತಳು. "ಮತ್ತ ಅದ ನೆನಪ ಆತೇನ? ಬಿಡ್ರಿ ಬಾಯಾರ. ರವಿವಾರ ನನ್ನ ಬಸರಿ ಸೊಸಿ ಕುಬಸ ಐತಿ, ಅದನ್ನ ಹೇಳಾಕ ಬಂದೆ. ಆರತಿ ಮಂಗಲಾನ ಹಿಡೀಬೇಕು. ಹಿಡದಿತ್ತಲ್ಲ ಆಕೀಗೂ, ಬಂಜಿ ಏನಲ್ಲ. ಹೌದಿಲ್ಲೋ?"

ಮಂಗಲ ಅತ್ತೆಯ ಕಡೆ ನೋಡಲಿಲ್ಲ. ನೆಲವನ್ನು ನೋಡಿದಳು. ಅಲ್ಲಿ ಒಡೆದ ಹಣ್ಣುಗಳ ಮೇಲೆ ಇರುವೆ ಮುತ್ತಿದ್ದವು. ಇನ್ನೊಂದು ಉಸಿರಿನಲ್ಲಿ ಎಲ್ಲವೂ ಮುಗಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು, ಮುಗಿಯಲಿ ಎಂದೂ ಅನಿಸಿತು. ಸೋನಾಬಾಯಿಯ ನಾಲಿಗೆಗೆ ಬಿದ್ದರೆ ಸಂಜೆಯೊಳಗೆ ಓಣಿ, ನಾಳೆಯೊಳಗೆ ತವರಿನವರೆಗೆ.

"ಹೌದ," ಎಂದಳು ಗೌರಾಬಾಯಿ. "ಹಿಡದಿತ್ತು. ನಾ ಬಿಸಿ ಬೆಲ್ಲ ತಿನಿಸಿ ಹಾಳ ಮಾಡ್ದೆ. ಆಕೀದೇನ ತಪ್ಪಿಲ್ಲ. ರವಿವಾರ ಕಳಸತೀನಿ, ಹೋಗ."

ಸೋನಾಬಾಯಿ ಚ್ಚು ಚ್ಚು ಎಂದು ನಾಲಿಗೆ ಬಡಿದು, ಬುಟ್ಟಿ ತುಂಬಿಕೊಂಡು ಹೋದಳು.

ಮಂಗಲ ಬಗ್ಗಿ ಅತ್ತೆಯ ಪಾದ ಹಿಡಿಯಲು ಹೋದಳು. ಗೌರಾಬಾಯಿ ಕಾಲು ಹಿಂದಕ್ಕೆ ಎಳೆದುಕೊಂಡಳು, ಒರಟಾಗಿ ಅಲ್ಲ, ಬಿಸಿ ತಾಗಿದವರ ಹಾಗೆ. ಕತ್ತರಿ ಎತ್ತಿಕೊಂಡು ಹೊಸ ಗೊಂಚಲು ಬಿಡಿಸತೊಡಗಿದಳು.

"ಸಂಜಿಮುಂದ ಎರಡ ರೊಟ್ಟಿ ಹೆಚ್ಚ ಬಡಿ," ಎಂದಳು. "ಹೊತ್ತ ಮುಳಗೂಕಿಂತ ಮೊದಲ ಉಣತೀನಿ."

"ಹೂನ್ರಿ." ಮಂಗಲ ತನ್ನ ಕತ್ತರಿ ಎತ್ತಿಕೊಂಡಳು. "ನಾಳೆ ಬಸದಿಗೆ ಹೋಗೂದಿಲ್ಲಲ್ರಿ ಹಂಗಾರ?"

"ಹೋಗತೀನಿ."

"ಯಾಕ್ರಿ? ಈಗ ಗೊತ್ತಾತಲ್ರಿ, ನಿಮ್ಮ ತಪ್ಪ ಏನೂ ಇರಲಿಲ್ಲ."

"ಆವಾಗ ಇರಲಿಲ್ಲ," ಎಂದಳು ಗೌರಾಬಾಯಿ. "ಈಗ ಸುಳ್ಳ ಹೇಳಿದ್ನೆಲ್ಲ. ಉಪ್ಪ ಬಿಡತೀನಿ."

ಆಚೆ ಸಾಲಿನಿಂದ ಉತ್ತಮ, ಪೆಟ್ಟಿಗೆ ಖಾಲಿ ಇದ್ದಾವ, ಲಗೂ ತರ್ರಿ ಎಂದು ಕೂಗಿದ. ಇಬ್ಬರೂ ಗೊಂಚಲು ಎತ್ತಿಕೊಂಡು ಎದ್ದರು.