ಪಾಳಿ ಮೇಷ್ಟ್ರು ಮುಚ್ಚದ ಫೈಲು

ಸ್ವಿಚ್ಚಿನತ್ತ ಚಾಚಿದ ಕೈಯನ್ನು ಆಕೆ ಗಪ್ಪನೆ ಹಿಡಿದುಕೊಂಡಳು. ಗಂಡನ ಹೆಣ ಇನ್ನೂ ನಡುಮನೆಯಲ್ಲಿದೆ. ಇವನಿಗೆ ಕಂಪ್ಯೂಟರಿನ ಚಿಂತೆ.

ಆ ಕೈ, ಆಸ್ಪತ್ರೆಯ ಪ್ರೋಗ್ರಾಮರನದು. ಡಯಾಲಿಸಿಸ್ ರೋಗಿಗಳು ಯಾರು ಯಾವ ಹೊತ್ತಿಗೆ ಬರಬೇಕೆಂದು ಪಾಳಿ ಹಾಕುತ್ತಿದ್ದವರು ಆಕೆಯ ಗಂಡ. ಎಲ್ಲರ ಬಾಯಲ್ಲೂ ಪಾಳಿ ಮೇಷ್ಟ್ರು. ಆಸ್ಪತ್ರೆಯ ಹಿಂದಿನ ಈ ಮನೆಗೆ ವೈರು ಎಳೆಸಿಕೊಂಡು, ಸಂಜೆಯೂ ಇಲ್ಲೇ ಕೂತು ಡೇಟಾಬೇಸ್ ಫೈಲು ತಿದ್ದುತ್ತಿದ್ದರು. ನಿನ್ನೆ ಹಾಗೆ ತಿದ್ದುತ್ತಲೇ ಕುರ್ಚಿಗೆ ಒರಗಿದವರು, ಊಟಕ್ಕೆ ಕರೆದರೆ ಏಳಲಿಲ್ಲ.

"ಅಕ್ಕ, ನಾಳೆಯ ಪಾಳೀನ ಎಲ್ಲರ ಫೋನಿಗೂ ಕಳಿಸೋದು ನನ್ನ ಪ್ರೋಗ್ರಾಂ," ಎಂದ ಆತ ತಗ್ಗಿದ ದನಿಯಲ್ಲಿ. "ಬೆಳಗಿಂದ ಫೈಲಿಗೆ ಕನೆಕ್ಟೇ ಆಗ್ತಿಲ್ಲ. ಸರ್ ಇನ್ನೂ ಒಳಗಿದ್ದಾರೆ ಅಂತ ತೋರಿಸ್ತಿದೆ."

"ಇರಲಿ ಬಿಡಪ್ಪ. ಅಲ್ಲಾದರೂ ಇರಲಿ."

*

ಹೋದ ತಿಂಗಳು ಇದೇ ಕೋಣೆಯಲ್ಲಿ ಮೇಷ್ಟ್ರಿಗೂ ಪ್ರೋಗ್ರಾಮರನಿಗೂ ಜಟಾಪಟಿಯಾಗಿತ್ತು. ನೀವು ಫೈಲು ತೆರೆದಾಗಲೂ ನನ್ನ ಪ್ರೋಗ್ರಾಂ ಒಳಗೆ ಬರುವ ಹಾಗೆ ಬಿಡಿ ಎಂದು ಆತ ಗೋಗರೆದ. ಮೇಷ್ಟ್ರು ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ಒಂದೇ ಒಲೆ ಮುಂದೆ ಇಬ್ಬರು ನಿಂತ್ರೆ ಅಡುಗೆಗೆ ಎರಡು ಸಲ ಉಪ್ಪು ಬೀಳುತ್ತೆ. ನಾನು ಎದ್ದ ಮೇಲೆ ನೀನು ಬಾ."

ಎದ್ದರೆ ತಾನೆ, ಎಂದು ಆಕೆ ನಕ್ಕಿದ್ದಳು. ಆ ಕಂಪ್ಯೂಟರ್ ಪೆಟ್ಟಿಗೆಗೆ ಆಕೆ ಇಟ್ಟ ಹೆಸರು ಸವತಿ. ಅದನ್ನು ಮುಟ್ಟಲು ಮೇಷ್ಟ್ರು ಆಕೆಗೂ ಬಿಡುತ್ತಿರಲಿಲ್ಲ.

*

ಗಾಡಿ ಬಂತೆಂದು ಹೊರಗಿನಿಂದ ಮೈದುನ ಕೂಗಿದ. ಪ್ರೋಗ್ರಾಮರನಿಗೆ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಕೊನೆಗೆ ಪರದೆಯತ್ತ ಬೆರಳು ತೋರಿಸಿದ. ಟೈಲರ್ ಅಜ್ಜಿಯ ಹೆಸರಿನೆದುರು ಹಳೆಯ ಹೊತ್ತು ಅಳಿಸಿಹೋಗಿತ್ತು, ಹೊಸದು ಬಂದಿರಲಿಲ್ಲ. ಹೀಗೇ ಮುಚ್ಚಿದರೆ ಅಜ್ಜಿಗೆ ನಾಳೆ ಪಾಳಿಯೇ ಇಲ್ಲ. ಮುಚ್ಚದೆ ಸ್ವಿಚ್ಚು ಆರಿಸಿದರೆ ಫೈಲೇ ಕೆಟ್ಟು ಎಲ್ಲರದೂ ಹೋದೀತು; ಆತುರದಲ್ಲಿ ಆತ ಅದನ್ನು ಮರೆತಿದ್ದ. ಒಂದು ಪಾಳಿ ತಪ್ಪಿದರೆ ಅಜ್ಜಿಗೆ ಕಾಲು ಊದಿ ಉಸಿರು ಕಟ್ಟುತ್ತದೆಂದು ಆಕೆಗೂ ಗೊತ್ತಿತ್ತು.

ಅಜ್ಜಿ ಮಾಡಿದ್ದ ನಿನ್ನೆಯ ಫೋನು ಆಕೆಯ ಕಿವಿಯಲ್ಲೇ ಇತ್ತು. ಅಜ್ಜಿಯನ್ನು ಎತ್ತಿ ತರುವ ಮಗನಿಗೆ ಬೆಳಿಗ್ಗೆ ಬಿಡುವಿಲ್ಲವಂತೆ. "ಆಯ್ತಮ್ಮ, ಮಧ್ಯಾಹ್ನ ಎರಡಕ್ಕೆ ಬನ್ನಿ" ಎಂದಿದ್ದರು ಮೇಷ್ಟ್ರು. ಗಂಡನ ಬಾಯಿಂದ ಬಂದ ಕೊನೆಯ ಮಾತು ಅದು. ತನಗೆಂದು ಒಂದು ಮಾತೂ ಉಳಿಸಲಿಲ್ಲವಲ್ಲ.

ಆ ಕುರ್ಚಿಯಲ್ಲೇ ಕೂತು, ತಡಕಾಡಿ, ಒಂದೇ ಬೆರಳಲ್ಲಿ ಎರಡರ ಅಂಕೆ ಒತ್ತಿದಳು.

"ಇನ್ನು ಮುಚ್ಚೋದು ಹೇಗೆ, ತೋರಿಸು."

ಆತ ತೋರಿಸಿದ. ಆಸ್ಪತ್ರೆಗೆ ಫೋನು ಮಾಡಿ ಕೇಳಿದ. ಪ್ರೋಗ್ರಾಂ ಫೈಲಿಗೆ ಕನೆಕ್ಟ್ ಆಗಿತ್ತು, ಮೆಸೇಜುಗಳು ಹೊರಟಿದ್ದವು. ಹೆಣ ಎತ್ತುವವರ ಜೊತೆ ಕೈಜೋಡಿಸಲು ಹೊರಗೆ ಹೋದ.

ಸ್ವಿಚ್ಚನ್ನು ಆಕೆಯೇ ಒತ್ತಿದಳು. ಪೆಟ್ಟಿಗೆಯೊಳಗಿನ ಫ್ಯಾನು ಗುರುಗುಟ್ಟಿ ನಿಂತಿತು. ಮೈದುನ ಮತ್ತೆ ಕರೆದ. ಬೆಳಿಗ್ಗೆ ಹಿಡಿದಾಗ ಗಂಡನ ಕೈ ಕಲ್ಲಿನಂತೆ ತಣ್ಣಗಿತ್ತು.

ಆಕೆ ಪೆಟ್ಟಿಗೆಯ ಮೇಲೆ ಅಂಗೈಯಿಟ್ಟಳು. ಸವತಿ ಇನ್ನೂ ಬೆಚ್ಚಗಿದ್ದಳು.