ಬ್ಲೋವರ್ ಓಡುತ್ತಿತ್ತು

ಆ ಶನಿವಾರ ನನಗೆ ಎಲ್ಲಿಗೂ ಹೋಗುವ ಮನಸ್ಸಿರಲಿಲ್ಲ. ಜುಲೈ ತಿಂಗಳ ಸೆಕೆ, ಮಂಡಿನೋವು, ಮೇಲಾಗಿ ಇಡೀ ವಾರ ಬೋಟು ತೊಳೆದು ಒರೆಸಿ ಸೊಂಟ ಬಿದ್ದುಹೋಗಿತ್ತು. ಆದರೆ ಮಗಳು ಜೊಲೀನ್ ಐದು ತಿಂಗಳ ಕೂಸನ್ನು ಎತ್ತಿಕೊಂಡು ಲೂಯಿವಿಲ್‌ನಿಂದ ಬರುತ್ತಿದ್ದಳು. ಕೂಸು ಬೋಟು ಹತ್ತುವುದು ಅದೇ ಮೊದಲು. ನನ್ನ ಗಂಡ ಎಲ್ಡನ್ನನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಎಪ್ಪತ್ತು ದಾಟಿದವನ ಸಡಗರ ನೋಡುವುದಕ್ಕೂ ಸುಸ್ತು.

ಜೊಲೀನ್ ಸುಮ್ಮನೆ ಒಪ್ಪಿದವಳಲ್ಲ. ಪೆಟ್ರೋಲ್ ಬೋಟಿಗೆ ಕೂಸನ್ನು ಹತ್ತಿಸುವುದೇ ಇಲ್ಲ ಎಂದು ಹಟ ಹಿಡಿದಿದ್ದಳು. ಹಿಂದೊಮ್ಮೆ ಈ ಕಂಬರ್‌ಲ್ಯಾಂಡ್ ಸರೋವರದಲ್ಲೇ, ನಾವು ಬೋಟು ಕಟ್ಟುವ ಕಟ್ಟೆಯಿಂದ ಕೂಗಳತೆಯಲ್ಲಿ, ಒಂದು ಬೋಟು ಢಮ್ ಎಂದು ಹೊತ್ತಿಕೊಂಡಿದ್ದನ್ನು ಅವಳು ಕಣ್ಣಾರೆ ನೋಡಿದ್ದಳು. ಕೊನೆಗೆ ಒಪ್ಪಿದ್ದು ಅಪ್ಪನ ಮೇಲಿನ ನಂಬಿಕೆಯಿಂದ.

ನಂಬದೆ ಏನು ಮಾಡ್ತಾಳೆ? ಎಲ್ಡನ್ನನಷ್ಟು ಕಟ್ಟುನಿಟ್ಟಿನ ಮನುಷ್ಯ ಈ ನೀರಿನ ಮೇಲೆ ಇನ್ನೊಬ್ಬನಿರಲಿಲ್ಲ. ನಮ್ಮ ಬೋಟಿನಲ್ಲಿ ಇಂಜಿನ್ನು, ಏಸಿಗೆ ಕರೆಂಟು ಕೊಡುವ ಜನರೇಟರ್ ಎರಡೂ ಹಿಂಭಾಗದ ಹಲಗೆಯ ಕೆಳಗೆ ಒಂದೇ ಗೂಡಿನಲ್ಲಿವೆ. ಪೆಟ್ರೋಲಿನ ಆವಿ ಮೇಲಕ್ಕೆ ಹೋಗುವುದಿಲ್ಲ, ತಳದಲ್ಲಿ ಕುಳಿತುಬಿಡುತ್ತದೆ. ಒಂದು ಕಿಡಿ ಸಾಕು. ಅದಕ್ಕೇ ಬ್ಲೋವರ್ ಎಂಬ ಫ್ಯಾನು, ಆ ಗಾಳಿಯನ್ನು ಹೊರಕ್ಕೆ ಎಳೆದುಹಾಕುವುದಕ್ಕೆ. ಎಲ್ಡನ್ ಬ್ಲೋವರ್ ಹಾಕಿ, ಗಡಿಯಾರ ನೋಡಿಕೊಂಡು ಪೂರಾ ನಾಲ್ಕು ನಿಮಿಷ ಕಾಯುತ್ತಿದ್ದ. ಆಮೇಲೆ ಗೂಡಿನ ಮುಚ್ಚಳ ತೆಗೆದು, ಬೋರಲು ಮಲಗಿ, ತಲೆ ಒಳಗೆ ತೂರಿಸಿ ಮೂಸುತ್ತಿದ್ದ. "ಸ್ವಚ್ಛ!" ಎಂದು ಕೂಗಿದ ಮೇಲೆಯೇ ಬೀಗದಕೈ ತಿರುಗುತ್ತಿದ್ದುದು. ಜನರೇಟರಿಗೂ ಅದೇ ಶಾಸ್ತ್ರ. ಇಂಜಿನ್ನಿಗೆ ಮಾತ್ರ ಬ್ಲೋವರ್ ಹಾಕಿ, ಲಂಗರು ಬಿಟ್ಟ ಮೇಲೆ ಜನರೇಟರನ್ನು ಹಾಗೇ ಶುರುಮಾಡುವವರನ್ನು ಕಂಡರೆ ನೀರಿನಾಚೆಯಿಂದಲೇ ಬೈಯುತ್ತಿದ್ದ. ಜನರೇಟರ್ ಓಡುವಷ್ಟು ಹೊತ್ತೂ ಬ್ಲೋವರ್ ಓಡಬೇಕು, ಹೊಗೆ ಬರುವ ಹಿಂಬದಿಯಲ್ಲಿ ಯಾರೂ ಈಜಬಾರದು. ಕಟ್ಟೆಯವರೆಲ್ಲ ಅವನನ್ನು ನಾಯಿಮೂಗಿನ ಎಲ್ಡನ್ ಎಂದೇ ಕರೆಯುತ್ತಿದ್ದರು. ಅವನಿಗೂ ಅದು ಹೆಮ್ಮೆಯೇ.

ಬೆಳಿಗ್ಗೆ ಟ್ಯಾಂಕು ತುಂಬಿಸಿ, ಬ್ಲೋವರ್ ಹಾಕಿ, ಮೂಸಿ, ಸ್ವಚ್ಛ ಎಂದು ಕೂಗಿ ಹೊರಟೆವು. ಗುಡ್ಡಗಳ ನಡುವಿನ ಒಂದು ಸಣ್ಣ ಕೊಲ್ಲಿಯಲ್ಲಿ ಲಂಗರು ಬಿಟ್ಟೆವು. ಗಾಳಿಯ ಸುಳಿವೇ ಇಲ್ಲ. ನಾನು ತಂದ ಸ್ಯಾಂಡ್‌ವಿಚ್ಚು ಬೆವರಿತು, ಐಸ್ ಟೀ ಬಿಸಿಯಾಯಿತು. ಕೂಸು ಮುಖ ಕೆಂಪಗೆ ಮಾಡಿಕೊಂಡು ಒಂದೇ ಸಮನೆ ಅಳತೊಡಗಿತು.

"ಅಪ್ಪ, ಏಸಿ ಹಾಕಪ್ಪ. ಪಾಪ ಬೆಂದುಹೋಗ್ತಿದಾಳೆ," ಎಂದಳು ಜೊಲೀನ್.

"ಇರು ಇರು, ಅವಸರ ಮಾಡಿದ್ರೆ ಆಗೋಲ್ಲ," ಎಂದ ಎಲ್ಡನ್. ಬ್ಲೋವರ್ ಹಾಕಿದ. ಗಡಿಯಾರ ನೋಡಿದ. ಮಲಗಿ ಮೂಸಿದ. "ಸ್ವಚ್ಛ!"

ಅಷ್ಟರಲ್ಲಿ ನಾನು ಕೂಸಿನ ಹೊಲಸಾದ ಲಂಗೋಟಿ ಹಿಡಿದು ಕಸದ ಚೀಲ ಹುಡುಕಿಕೊಂಡು ಹಿಂದಕ್ಕೆ ಬಂದಿದ್ದೆ. ಮುಚ್ಚಳ ಇನ್ನೂ ತೆರೆದೇ ಇತ್ತು. ಗಪ್ಪೆಂದು ಮೂಗಿಗೆ ಹೊಡೆಯಿತು. ಪೆಟ್ರೋಲು. ಬಂಕಿನಲ್ಲಿ ನಿಂತ ಹಾಗೆ.

"ಎಲ್ಡನ್! ಕೈ ತೆಗಿ ಸ್ವಿಚ್ಚಿಂದ!"

"ಯಾಕೆ ಕಿರುಚ್ತೀಯ?"

"ವಾಸನೆ ಬರ್ತಿದೆ ಕಣೋ!"

"ಏನೂ ಇಲ್ಲ. ಈಗ ತಾನೆ ನೋಡಿದೀನಲ್ಲ. ಬ್ಲೋವರ್ ಓಡ್ತಾನೇ ಇದೆ. ಲಂಗೋಟಿ ಹಿಡ್ಕೊಂಡು ಬಂದು ನಂಗೆ ವಾಸನೆ ಪಾಠ ಹೇಳ್ತೀಯ?" ಎಂದು ನಕ್ಕ. ಆದರೆ ಅವನ ಕಣ್ಣು ನಗಲಿಲ್ಲ. ಬೆರಳು ಜನರೇಟರಿನ ಸ್ವಿಚ್ಚಿನ ಪಕ್ಕದಲ್ಲೇ ಇತ್ತು.

ಚಳಿಗಾಲದಲ್ಲಿ ಜ್ವರ ಬಂದು ಎದ್ದಾಗಿನಿಂದ ಇವನು ಸೀದುಹೋದ ಕಾಫಿಯನ್ನೂ ಮಾತಾಡದೆ ಕುಡಿಯುತ್ತಿದ್ದ. ಬುದ್ಧಿ ಬಂತು ಎಂದುಕೊಂಡಿದ್ದೆ. ಈಗ ಬೇರೆಯೇ ಅನುಮಾನ ಬಂತು.

"ಕಣ್ಣು ಮುಚ್ಚು," ಎಂದೆ.

"ಏನೇ ಇದು ಆಟ?"

"ಮುಚ್ಚು ಅಂದ್ರೆ ಮುಚ್ಚು."

ಮುಚ್ಚಿದ. ಲಂಗೋಟಿ ಬಿಚ್ಚಿ ಅವನ ಮೂಗಿನ ಕೆಳಗೇ ಹಿಡಿದೆ. ಆ ನಾತಕ್ಕೆ ನಾನೇ ಮುಖ ಆಚೆ ತಿರುಗಿಸಿಕೊಂಡೆ. ಕ್ಯಾಬಿನ್ನಿನ ಬಾಗಿಲಲ್ಲಿ ನಿಂತ ಜೊಲೀನ್ "ಅಮ್ಮಾ, ಛೀ!" ಎಂದು ನಕ್ಕಳು.

ಎಲ್ಡನ್ ಉದ್ದಕ್ಕೆ ಉಸಿರೆಳೆದುಕೊಂಡ. ಇನ್ನೊಮ್ಮೆ ಎಳೆದುಕೊಂಡ.

"ಇಂಜಿನ್ ಒರೆಸೋ ಬಟ್ಟೆ," ಎಂದ.

ಜೊಲೀನಳ ನಗು ನಿಂತುಹೋಯಿತು. ಎಲ್ಡನ್ ಕಣ್ಣು ತೆರೆದು ನನ್ನ ಕೈ ನೋಡಿದ. ಆಮೇಲೆ ತಲೆ ತಗ್ಗಿಸಿದ.

ಬೈಯುವುದಕ್ಕೂ ಸಮಯವಿರಲಿಲ್ಲ. "ಯಾವ ಸ್ವಿಚ್ಚೂ ಮುಟ್ಬೇಡ, ಬ್ಲೋವರ್ ಇದ್ದಂಗೇ ಇರ್ಲಿ," ಎಂದೆ. ಟ್ಯಾಂಕಿನ ವಾಲ್ವನ್ನು ಅವನೇ ಕೈಯಿಂದ ತಿರುಗಿಸಿ ಮುಚ್ಚಿದ. ಮೇಲಿನಿಂದಲೇ ಬಗ್ಗಿ ನೋಡಿದೆ. ಜನರೇಟರಿಗೆ ಹೋಗುವ ಪೈಪನ್ನು ಬಿಗಿಯುವ ಪಟ್ಟಿ ಸಡಿಲಾಗಿ ತೊಟ್ಟಿಕ್ಕುತ್ತಿತ್ತು. ಕೆಳಗೆ ತೆಳ್ಳಗೆ ಮಡುಗಟ್ಟಿ ಹೊಳೆಯುತ್ತಿತ್ತು. ಎಲ್ಲರೂ ಲೈಫ್ ಜಾಕೆಟ್ ಹಾಕಿಕೊಂಡು ಬೋಟಿನ ಮುಂದಿನ ತುದಿಗೆ ಹೋಗಿ ಕೂತೆವು. ಅಲ್ಲಿಂದ ಕಟ್ಟೆ ನೋಡಿಕೊಳ್ಳುವ ಮಾರ್ಜಿಗೆ ಫೋನು ಮಾಡಿದೆ. ಎಳೆದುಕೊಂಡು ಹೋಗಲು ತಾನೇ ಬೋಟು ತರುತ್ತೇನೆ ಎಂದಳು.

ಕೂಸು ಅಳುತ್ತಿತ್ತು, ಹಿಂದೆ ಬ್ಲೋವರ್ ಓಡುತ್ತಲೇ ಇತ್ತು.

"ಯಾವಾಗಿಂದ?" ಎಂದೆ.

"ಫೆಬ್ರವರಿಯಿಂದ. ಆ ಜ್ವರ ಬಂತಲ್ಲ, ಮೂಗು ಆವಾಗ್ಲೇ ಹೋಯ್ತು."

"ಹಂಗಾದ್ರೆ ವಸಂತ ಪೂರ್ತಿ ನೀನು ಆ ಗೂಡಿಗೆ ತಲೆ ಹಾಕಿದ್ದೆಲ್ಲ ನಾಟಕ? ನಾನು ಅದರ ಪಕ್ಕದಲ್ಲೇ ಗೊರಕೆ ಹೊಡೀತಿದ್ದೆನಲ್ಲೋ, ಪಾಪಿ!"

"ಹೇಳಿದ್ರೆ ಬೋಟು ಮಾರಿಬಿಡು ಅಂತಿದ್ದೆ ನೀನು. ಫ್ಯಾನು ನಾಲ್ಕು ನಿಮಿಷ ಪೂರ್ತಿ ಓಡ್ಸಿದೀನಲ್ಲ, ಅಷ್ಟು ಸಾಕು ಅಂದ್ಕೊಂಡೆ."

"ಫ್ಯಾನು ಗಾಳಿ ಎಳೀತದೆ, ತೊಟ್ಟಿಕ್ಕೋ ಪೆಟ್ರೋಲ್ ನಿಲ್ಲಿಸ್ತದಾ? ಊರಿಗೆಲ್ಲ ಇದನ್ನೇ ತಾನೆ ಹೇಳ್ಕೊಂಡು ತಿರುಗ್ತಿದ್ದೆ!"

ನನಗೆ ಅವನನ್ನು ನೀರಿಗೆ ತಳ್ಳಿಬಿಡುವಷ್ಟು ಕೋಪ ಬಂದಿತ್ತು. ಆದರೆ ತಳ್ಳುವುದಕ್ಕೂ ಮೈಯಲ್ಲಿ ತ್ರಾಣವಿರಲಿಲ್ಲ.

ಜೊಲೀನ್ ಕೂಸನ್ನು ಎದೆಗವಚಿಕೊಂಡಳು. "ಇವಳು ಇದಾಳೆ ಅಂತ ಗೊತ್ತಿದ್ದೂ ಸ್ವಚ್ಛ ಅಂದೆಯಲ್ಲ ಅಪ್ಪ," ಎಂದಳು. ಎಲ್ಡನ್ ಕೂಸಿನ ಕಡೆ ಕೈ ಚಾಚಿದ. ಅವಳು ಕೂಸನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಪಕ್ಕಕ್ಕೆ ಸರಿದಳು.

ಚಾಚಿದ ಕೈಯನ್ನು ಎಲ್ಲಿಡಬೇಕೋ ಅವನಿಗೆ ತಿಳಿಯಲಿಲ್ಲ. "ಮೊದಲು ಸುಳ್ಳು ಹೇಳಿದ್ದು ಬೋಟಲ್ಲಲ್ಲ ಕಣೆ," ಎಂದ. "ಇವಳು ಹುಟ್ಟಿದಾಗ ಆಸ್ಪತ್ರೇಲಿ ನನ್ನ ಕೈಗೆ ಕೊಟ್ಟು, ನೆತ್ತಿ ಮೂಸಿ ನೋಡು ಅಪ್ಪ, ಎಷ್ಟು ಚೆನ್ನಾಗಿದೆ ಅಂದೆ. ಏನೂ ಬರಲಿಲ್ಲ. ನೀನು ನನ್ನ ಮುಖಾನೇ ನೋಡ್ತಿದ್ದೆ. ಹಾಲಿನ ವಾಸನೆ ಅಂದುಬಿಟ್ಟೆ. ಆವತ್ತಿಂದ ಎತ್ತಿಕೊಂಡಾಗೆಲ್ಲ ಮೂಸ್ತೀನಿ, ಎಲ್ಲೋ ಒಂದು ಸಲ ಬಂದೀತು ಅಂತ."

ಜೊಲೀನ್ ಮುಖ ತಿರುಗಿಸಿಕೊಂಡು ಅತ್ತಳು. ಸಮಾಧಾನ ಮಾಡಲು ನನ್ನಿಂದಾಗಲಿಲ್ಲ. ಯಾರನ್ನು ಅಂತ ಮಾಡಲಿ?

ಮಾರ್ಜ್ ಬಂದಳು. ಪೆಟ್ರೋಲ್ ಸೋರಿದ ಬೋಟಿನಲ್ಲಿ ಯಾರೂ ಕೂರುವಂತಿಲ್ಲ, ಎಲ್ಲರೂ ನನ್ನದಕ್ಕೆ ಬನ್ನಿ ಎಂದಳು. ಜೊಲೀನ್ ಮೊದಲು ದಾಟಿದಳು, ಕೂಸನ್ನು ನಾನು ಕೈಗೆ ಕೊಟ್ಟೆ. ಎಲ್ಡನ್ ಕಂಬಿ ಹಿಡಿದು ಹಾಗೇ ನಿಂತಿದ್ದ. "ನಡಿಯೋ," ಎಂದು ರಟ್ಟೆ ಹಿಡಿದು ದಾಟಿಸಿದೆ.

ಮಾರ್ಜ್ ಹಗ್ಗ ಬಿಗಿದು ನಿಧಾನಕ್ಕೆ ಎಳೆಯತೊಡಗಿದಳು. ಅಷ್ಟರಲ್ಲಿ ಕೂಸಿನ ಲೈಫ್ ಜಾಕೆಟ್ಟಿನ ಪಟ್ಟಿ ಬಿಚ್ಚಿಕೊಂಡಿತು. ಕಟ್ಟಲು ಜೊಲೀನಳಿಗೆ ಎರಡೂ ಕೈ ಬೇಕಿತ್ತು. ನಾನು ಎದುರು ಬೆಂಚಿನಲ್ಲಿ ಮಂಡಿ ಹಿಡಿದು ಕೂತಿದ್ದೆ, ಪಕ್ಕದಲ್ಲಿದ್ದವನು ಅಪ್ಪನೊಬ್ಬನೇ. ಅವಳು ಅವನ ಮುಖ ನೋಡದೆ ಕೂಸನ್ನು ಅವನ ತೊಡೆಯ ಮೇಲಿಟ್ಟಳು.

"ಹಿಡ್ಕೋ ಅಪ್ಪ," ಎಂದಳು. "ಮೂಸ್ಬೇಡ."

ಎಲ್ಡನ್ ಮೂಸಲಿಲ್ಲ. ಎರಡೂ ಕೈಯಿಂದ ಕೂಸನ್ನು ನೆಟ್ಟಗೆ ಹಿಡಿದುಕೊಂಡು ಅದರ ಮುಖವನ್ನೇ ನೋಡುತ್ತ ಕೂತ. ಜೊಲೀನ್ ಪಟ್ಟಿ ಕಟ್ಟಿ ಮುಗಿಸಿದಳು. ತಿರುಗಿ ಎತ್ತಿಕೊಳ್ಳಲಿಲ್ಲ.